ಎಷ್ಟು ಸುತ್ತು

ಅಪ್ಪ ಮಿಷನ್ ಆಸ್ಪತ್ರೆಯ ಕಾಂಪೌಂಡರ್.
ರಿಜಿಸ್ಟರಿನಲ್ಲಿ ಚೆಲುವರಾಜು,
ಈರನಗೆರೆಯ ಬೀದಿಗೆಲ್ಲ ಮಿಕ್ಸ್‌ಚರ್ ಚೆಲುವಣ್ಣ.
ಸೀಸೆಯ ಮೈಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸುವಾಗ
ಅವನ ನಾಲಗೆಯ ತುದಿ ಹೊರಗಿಣುಕುತ್ತಿತ್ತು.
ಒಂದು ಹಲ್ಲು ಒಂದು ವೇಳೆಗೆ,
ಕುಡಿಯುವ ಮೊದಲು ಕುಲುಕಿ.
ಸಂಜೆ ಬಂದರೆ ಅಂಗಿಯಲ್ಲಿ ಸ್ಪಿರಿಟ್ಟಿನ ವಾಸನೆ,
ಅದರಡಿಯಲ್ಲಿ, ನಾವ್ಯಾರೂ ಕಾಣದ ದೇಶದ
ನೆನೆದ ಬೇರು, ಒಣಗಿದ ಹೂ.

ಅವ್ವ ಬಸರಾಳು ಕಡೆಯವಳು.
ತವರಿಂದ ಬರುವಾಗ ಸೆರಗಿನ ಗಂಟಿನಲ್ಲಿ
ಕೆರೆ ಕೋಡಿಯ ಕೆಸರಿಂದ ಕಿತ್ತು ಒಣಗಿಸಿದ ಬಜೆ,
ಜಾಯಿಕಾಯಿ, ಅಳಲೆಕಾಯಿ,
ಅಂಗೈಯಗಲದ ಒಂದು ಕಲ್ಲು.
ಹಸುಗೂಸು ನನಗೆ
ಎದೆಹಾಲಿನಲ್ಲಿ ತೇಯ್ದು ನೆಕ್ಕಿಸಿದಳು.
ಅಪ್ಪ ಬಾಗಿಲಲ್ಲೇ ನಿಂತು,
"ಅಳತೆ ಇಲ್ಲ, ಚೀಟಿ ಇಲ್ಲ,
ಇದೂ ಒಂದು ಔಷಧಿಯೇನೇ? ಹೆಚ್ಚಾದರೆ?"

ಮರುದಿನ ಅವನು ತಂದ ಗ್ರೈಪ್ ವಾಟರಿನ
ಮುಚ್ಚಳ ತೆಗೆದು ಮೂಸಿದವಳು
ಸೊಂಟಕ್ಕೆ ಕೈಯಿಟ್ಟು ನಕ್ಕಳಂತೆ.
"ಇದು ಸಬ್ಸಿಗೆ ಅಲ್ವಾ!
ಮಾರ್ಕೆಟ್ಟಲ್ಲಿ ಮೂರ್ಕಾಸಿಗೆ ಕಟ್ಟು.
ಸಬ್ಸಿಗೆ ನೀರ್ಗೆ ಇಷ್ಟ್ ದುಡ್ ಸುರುದ್ ಬಂದ್ರಾ?"

ಆ ರಾತ್ರಿ ಅಪ್ಪ ಲಂಡನ್ನಿನಲ್ಲಿ ಅಚ್ಚಾದ ದಪ್ಪ ಪುಸ್ತಕ ಬಿಡಿಸಿ
ಸಬ್ಬಸಿಗೆ ಹುಡುಕಿದ. ಇತ್ತು.
ಬೆರಳು ಹಾಗೇ ಇನ್ನೊಂದು ಪುಟಕ್ಕೆ ಜಾರಿತು.
ಜೊಂಡಿನಂಥ ಎಲೆಯ ಚಿತ್ರ, ಗಂಟುಗಂಟು ಗೆಡ್ಡೆ,
ಕೆಳಗೆ ಲ್ಯಾಟಿನ್ ಹೆಸರು, ಹೊಟ್ಟೆಯುಬ್ಬರಕ್ಕೆ ಎಂಬ ಟಿಪ್ಪಣಿ.
ದೀಪದಡಿ ಅವ್ವನ ಗಂಟು ಬಿಚ್ಚಿ ಹೋಲಿಸಿದ.
ಮೂಸಿದ. ಸುಮ್ಮನೆ ಕುಳಿತ.
ಬಜೆ ಅಲ್ಲೂ ಇದೆಯಂತೆ.
ಇಗರ್ಜಿಯ ನೆಲಕ್ಕೆ ಅದರ ಎಲೆ ಹಾಸುತ್ತಿದ್ದರಂತೆ,
ತುಳಿದರೆ ಘಮ್ಮೆನ್ನಲು.
ಗೆಡ್ಡೆಯನ್ನು ಸಕ್ಕರೆಯಲ್ಲಿ ಬೇಯಿಸಿ ಮೆಲ್ಲುತ್ತಿದ್ದರಂತೆ.
ಆದರೆ ಅಲ್ಲಿ ಅದು ಬೀಜ ಕಟ್ಟುವುದಿಲ್ಲ.
ಎಂದೋ ಯಾರೋ ಪೂರ್ವದಿಂದ ಕೊಂಡೊಯ್ದ ತುಂಡು
ಕೆಸರಿನಿಂದ ಕೆಸರಿಗೆ ತುಂಡಾಗುತ್ತಲೇ ಬದುಕಿದೆ.
ಅಪ್ಪ ಓದಿ ಹೇಳಿದಾಗ ಅವ್ವ,
"ಪಾಪ, ತವರಿಲ್ಲದ್ದು" ಎಂದಳು.

ಜಗಳ ಅಲ್ಲಿಗೆ ಮುಗಿಯಿತೆಂದಲ್ಲ.
ಅಪ್ಪನಿಗೆ ಒಂದು ಗಿಡದಿಂದ ಒಂದೇ ಸತ್ವ ಹಿಂಡಿ
ಹೆಸರಿಟ್ಟು ಬಿರಡೆ ಜಡಿಯಬೇಕು.
ಅವ್ವನಿಗೆ ಗಿಡವೆಂದರೆ ನೆಂಟರಿದ್ದ ಹಾಗೆ,
ಒಬ್ಬರನ್ನೇ ಕರೆದು ಕಳಿಸಲಾಗದು:
ಶುಂಠಿ ಬಂದರೆ ಮೆಣಸು, ಮೆಣಸು ಬಂದರೆ ಬೆಲ್ಲ.
ಅವನು ರೋಗದ ಹೆಸರು ಕೇಳುವನು.
ಅವಳು, ನಿನ್ನೆ ಏನು ಉಂಡೆ, ನಿದ್ದೆ ಬಂತಾ,
ಮನೇಲಿ ಯಾರಾದ್ರೂ ಬೈದ್ರಾ.

ಡಿಜಿಟಾಲಿಸ್ ಸೀಸೆಗೆ ಮಾತ್ರ ಬೇರೆಯೇ ಬೀಗ.
"ಗಂಟೆಯಂಥ ಹೂವಂತೆ. ಇಷ್ಟಾದರೆ ಎದೆ ನಡೆಸುತ್ತೆ,
ಇನ್ನಿಷ್ಟಾದರೆ ನಿಲ್ಲಿಸುತ್ತೆ."
ಅವ್ವ ಹಿತ್ತಲ ಬೇಲಿ ತೋರಿಸಿ,
"ನಮ್ ಕಣಗಿಲೆನೂ ಹಂಗೇಯ.
ಅದ್ಕೇ ಅದು ದೇವ್ರ ತಲೆಗೆ, ಮಕ್ಕಳ ಕೈಗಲ್ಲ."
ಅದು ಅವಳ ಬೀಗ.

ನನಗೆ ಮಾತು ಬಂದದ್ದು ಮೂರು ತುಂಬಿದ ಮೇಲೆ.
ಬಜೆಗೋ ಟಾನಿಕ್ಕಿಗೋ, ಇಬ್ಬರೂ ತಮ್ಮದೆಂದರು.
ಮೊದಲ ಮಾತು, ಕಹಿ.

ಅಪ್ಪನ ಕೈ ನಡುಗತೊಡಗಿದ ವರ್ಷ
ತನ್ನ ಔಷಧಿಯ ತೊಟ್ಟು ಎಣಿಸಲು ನನ್ನನ್ನು ಕೂರಿಸಿಕೊಂಡ.
ಒಳಗೆ ಅವ್ವ ನನ್ನ ಕೂಸಿಗೆ ತೇಯುತ್ತಿದ್ದಳು.
ಸರ್ರ್. ನಿಂತಿತು. ಸರ್ರ್.
ಅಪ್ಪ ಕಿವಿಗೊಟ್ಟ.
ಅಳಲೆಗೆ ಮೂರು ಸುತ್ತು. ಜಾಯಿಕಾಯಿಗೆ ಒಂದು.
ಬಜೆಗೆ ಅರ್ಧ, ಕಲ್ಲಿಗೆ ತಾಗಿಸಿ ತೆಗೆದಂತೆ.
ಮೂವತ್ತು ವರ್ಷ, ಪಕ್ಕದ ಕೋಣೆಯಲ್ಲಿ,
ಅವಳು ಎಣಿಸುತ್ತಲೇ ಇದ್ದಳು.
"ಯಾಕೆ ಹೇಳಲಿಲ್ಲ ನೀನು?"
"ನೀವ್ ಕೇಳಿದ್ದು ಅಳತೆ. ಸುತ್ತು ಕೇಳ್ಲಿಲ್ಲ."

ಕಲ್ಲು ಈಗ ನನ್ನ ಹತ್ತಿರ ಇದೆ,
ನಡುವೆ ಬೆರಳು ಕೂರುವಷ್ಟು ತಗ್ಗು.
ಅಪ್ಪನ ಔನ್ಸ್ ಗ್ಲಾಸಿನಿಂದ
ಒಮ್ಮೆ ಅದಕ್ಕೆ ನೀರು ಸುರಿದು ನೋಡಿದೆ.
ಎರಡು ಡ್ರಾಮಿಗೆ ತುಸು ಕಡಿಮೆ.
ಅಷ್ಟು ಕಲ್ಲು
ನಾವು ಕುಡಿದಿದ್ದೇವೆ.